ಧೂಳು ಎಳೆಯುವ ಮಷೀನುಗಳ ಖೋಲಿ

ಅಂಗಡಿ ಅಂದಮೇಲೆ ಗಿರಾಕಿ ಬರುವುದು, ಜಗಳಾಡುವುದು, ನಗಿಸಿ ಹೋಗುವುದು ಇದ್ದದ್ದೇ. ಆದರೆ ಹಳೇ ವ್ಯಾಕ್ಯೂಮ್ ಕ್ಲೀನರು ಕೂಡಿಸುವ ಚಟ ಇರುವ ಅಂಗಡಿಕಾರನ ಮನೆಗೆ ಇಂಥ ಪ್ರಸಂಗಗಳು ತಾವಾಗಿಯೇ ವಿಳಾಸ ಕೇಳಿಕೊಂಡು ಬರುತ್ತವೆ.

ಚಿಕ್ಕೋಡಿಯ ಪೇಟೆಯಲ್ಲಿ ನಮ್ಮದು ಭಾಂಡಿ, ಅಂದರೆ ಪಾತ್ರೆ ಅಂಗಡಿ. ಕೆಳಗೆ ಅಂಗಡಿ, ಅದರ ಮೇಲೆ ಮನೆ, ಮನೆಯ ಮೇಲೆ ಒಂದು ದೊಡ್ಡ ಖೋಲಿ. ಆ ಖೋಲಿಯ ತುಂಬ ಹಳೇ ವ್ಯಾಕ್ಯೂಮ್ ಕ್ಲೀನರುಗಳು. ಹಂಡೆಯಂಥವು, ಡಬ್ಬಿಯಂಥವು, ಗಾಲಿಯ ಮೇಲೆ ಕರುವಿನ ಹಾಗೆ ಹಿಂದೆ ಹಿಂದೆ ಬರುವಂಥವು. ಹಳೇ ಸಾಮಾನು ಕೊಟ್ಟು ಹೊಸ ಕುಕ್ಕರು, ಮಿಕ್ಸರು ಒಯ್ಯುವ ಪದ್ಧತಿ ನಮ್ಮಲ್ಲಿದೆ. ಹಾಗೆ ಬಂದ ತಾಮ್ರ, ಹಿತ್ತಾಳೆ ಕರಗಲು ಹೋಗುತ್ತದೆ. ಈ ಮಷೀನುಗಳು ಮಾತ್ರ ನಮ್ಮ ಮನೆಯ ಮೆಟ್ಟಿಲು ಹತ್ತುತ್ತವೆ. ಯಾಕೆ ಅಂತೀರಾ? ಯಾರೂ ಮುಟ್ಟದೆ ವರ್ಷಗಟ್ಟಲೆ ಮೂಲೆಯಲ್ಲಿದ್ದ ಮಷೀನು ನಾನು ಗುಂಡಿ ಒತ್ತಿದಾಗ ಹೂಂ ಅಂತ ಎದ್ದರೆ ಒಂದು ದೊಡ್ಡ ಸೌದಾ ಗೆದ್ದಷ್ಟು ಹಿಗ್ಗು, ಅಷ್ಟೇ.

ನಮ್ಮ ಮನೆಯವಳು ಇವುಗಳಿಗೆ ಇಟ್ಟ ಹೆಸರು ಮೋಡಕಾ. ನಮ್ಮ ಕಡೆ ಗುಜರಿಗೆ ಹಾಗನ್ನುತ್ತಾರೆ. ಇಷ್ಟು ವರ್ಷ ಬರೀ ಹೆಸರಿಟ್ಟಿದ್ದಳು. ಈ ಸಲ ಮಗನ ಲಗ್ನದ ಮಾತು ಎದ್ದಿತು. ಅಥಣಿಯ ಹುಡುಗಿ. ನಮ್ಮ ಮಗನಿಗೆ ಆಕೆ ಎಷ್ಟು ಮನಸ್ಸಿಗೆ ಬಂದಿದ್ದಳೆಂದರೆ ಗಿರಾಕಿ ಕುಕ್ಕರು ಕೇಳಿದರೆ ಹಿಟ್ಟು ನಾದುವ ಪರಾತ ತೆಗೆದುಕೊಡುತ್ತಿದ್ದ. ಹುಡುಗಿ ನೋಡಿ ಆದಮೇಲೆ ಹುಡುಗಿಯ ಕಡೆಯವರು ಹುಡುಗನ ಮನೆ ನೋಡಲು ಬರುವುದು ನಮ್ಮ ರೂಢಿ. ನೀರು ಎಲ್ಲಿಂದ ಬರುತ್ತದೆ, ಬಚ್ಚಲು ಹೇಗಿದೆ, ನಮ್ಮ ಹುಡುಗಿ ಯಾವ ಖೋಲಿಯಲ್ಲಿ ಇರುತ್ತಾಳೆ, ಎಲ್ಲ ನೋಡಿಯೇ ಮುಂದಿನ ಮಾತು.

"ಅಥಣಿಯವ್ರು ಬರೂದ್ರಾಗ ಮ್ಯಾಲಿನ ಖೋಲಿ ಖಾಲಿ ಆಗಬೇಕು," ಅಂದಳು ಮನೆಯವಳು. "ಮಗಾ ಸೊಸಿ ಅಲ್ಲೇ ಇರೋರು. ಒಂದ ಮಷೀನ್ ಕಂಡ್ರೂ ಇವ್ರ ತಲಿ ನೆಟ್ಟಗಿಲ್ಲ ಅಂತ ಸಂಬಂಧ ಮುರೀತಾರ."

"ಮುರಿದ್ರ?"

"ಮುರಿದ್ರ ಮಷೀನಿನ ಜೋಡಿ ನಿಮ್ಮನ್ನೂ ಮೋಡಕಾಕ್ಕ ಹಾಕ್ತೀನಿ."

ಹೂಂ ಅಂದು ಮೇಲೆ ಹತ್ತಿದೆ. ಆದರೆ ಮಾಲು ಕೈಬಿಡುವ ಮೊದಲು ಅದರ ಹಕೀಕತ್ತು ನೋಡುವುದು ವ್ಯಾಪಾರಿಯ ಧರ್ಮ. ಒಂದೊಂದನ್ನು ಎತ್ತಿ ನೋಡುತ್ತ ಹೋದೆ. ಕೆಲಸ ಅಲ್ಲಿಗೇ ನಿಂತಿತು.

ಇರುವೆಗಳ ಸವಾರಿ

ಮೊದಲನೆಯದು ನಮ್ಮಪ್ಪ ಕೊಂಡದ್ದು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಕೊರಳಿಗೆ ಟೈ ಕಟ್ಟಿಕೊಂಡ ಒಬ್ಬ ಮಾರಾಟಗಾರ ಬಿಸಿಲಲ್ಲಿ ಬೆವರುತ್ತ ಬಂದು ನಮ್ಮ ಜಮಖಾನೆಯ ಮೇಲೆ ಒಂದು ಮುಷ್ಟಿ ಬೂದಿ ಚೆಲ್ಲಿದ.

"ಲೇ, ಸ್ವಚ್ಛ ಮಾಡಾಕ ಬಂದೀಯೋ ಹೊಲಸ ಮಾಡಾಕ ಬಂದೀಯೋ?" ಅಂದಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ.

ಅವನು ಗುಂಡಿ ಒತ್ತಿದ. ಬೂದಿ ಮಾಯವಾಯಿತು. ಆಯಿ ಬಾಗಿ ಜಮಖಾನೆ ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು: "ಇದರಾಗ ಇರುವಿ ಹೋದ್ರ?"

ಮಾರಾಟಗಾರನಿಗೆ ಪ್ರಶ್ನೆ ಕೇಳಿ ಹುರುಪು ಬಂತು. "ಇರುವಿ, ಜೊಂಡಿಗ್ಯಾ, ತಿಗಣಿ, ಒಂದೂ ಬಿಡೂದಿಲ್ರಿ ಆಯಿ. ಒಳಗ ಹೋತಂದ್ರ ಖಲ್ಲಾಸ್."

ನಮ್ಮದು ಜೈನರ ಮನೆ. ನೀರನ್ನೂ ಬಟ್ಟೆಯಲ್ಲಿ ಸೋಸಿ ಕುಡಿಯುವವರು. ಕಸಬರಿಗೆ ಆಡಿಸುವಾಗಲೂ ಇರುವೆ ಕಂಡರೆ ಅದು ದಾಟಿ ಹೋಗುವವರೆಗೆ ನಿಲ್ಲುವವರು. ಆಯಿ ಎದ್ದು ಬಾಗಿಲು ತೋರಿಸಬೇಕು ಅನ್ನುವಷ್ಟರಲ್ಲಿ ಅವನಿಗೆ ಹೊಳೆಯಿತು. ಗೋಡೆಯ ಮೇಲಿನ ತೀರ್ಥಂಕರರ ಪಟ ನೋಡಿರಬೇಕು.

"ಖಲ್ಲಾಸ್ ಅಂದ್ರ ಸಾಯೂದಲ್ರಿ," ಅಂದ. "ಒಳಗ ಮೆತ್ತನ್ನ ಅರಿವಿ ಚೀಲ ಐತಿ. ಅದರಾಗ ಆರಾಮ ಕುಂತಿರ್ತಾವ. ಹಿತ್ತಲದಾಗ ಬಿಚ್ಚಿದ್ರ ಎದ್ದು ತಮ್ಮ ಮನಿಗೆ ಹೋಗ್ತಾವ."

ಅಂಥ ಬುದ್ಧಿವಂತನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಪ್ಪ ಮಷೀನು ಕೊಂಡರು. ಅಂದಿನಿಂದ ಮನೆ ಗುಡಿಸಿದ ಕೂಡಲೇ ಚೀಲವನ್ನು ಹಿತ್ತಲ ನುಗ್ಗೆ ಗಿಡದ ಬುಡಕ್ಕೆ ಒಯ್ದು ಬಿಚ್ಚುವುದು ಕಟ್ಟಳೆಯಾಯಿತು. ಆಯಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಇರುವೆಗಳು ತಲೆ ತಿರುಗಿ ಹೊರಬರುವುದನ್ನು ನೋಡುತ್ತಿದ್ದಳು. ಪಾಪ, ತ್ರಾಸಾಯಿತು ಅಂತ ಒಂದು ಚಿಟಿಕೆ ಸಕ್ಕರೆ ಉದುರಿಸುತ್ತಿದ್ದಳು. ಸಕ್ಕರೆಯ ಸುದ್ದಿ ಹಬ್ಬಿತು. ಇರುವೆಗಳು ಸಾಲುಗಟ್ಟಿ ತಿರುಗಿ ಮನೆಯೊಳಗೆ ಬಂದು ಜಮಖಾನೆಯ ಮೇಲೆ ಹಾಜರಾಗತೊಡಗಿದವು.

"ಏನವ್ವ, ಇವು ಕಡಿಮಿ ಆಗೂದು ಬಿಟ್ಟು ಜಾಸ್ತಿ ಆಗ್ಯಾವಲ್ಲ," ಅಂದರು ಅಪ್ಪ.

ಆಯಿ ಸಮಾಧಾನದಿಂದ ಹೇಳಿದಳು: "ಹೋಗೂದಕ್ಕ ಬರೂದಕ್ಕ ಗಾಡಿ, ಇಳಿದಲ್ಲಿ ಊಟ. ನಾನಾದ್ರೂ ಬರ್ತಿದ್ನಿ."

ತೂರೋ ಮಷೀನು

ಎರಡನೆಯದನ್ನು ತಂದವನು ಬೇಡಕಿಹಾಳದ ಒಬ್ಬ ರೈತ. ಹೆಗಲ ಮೇಲೆ ಹೊತ್ತು ತಂದು ಕಟ್ಟೆಯ ಮೇಲಿಟ್ಟು, "ಸಾವಕಾರ್ರ, ಇದನ್ನ ತಗೊಂಡು ಒಂದ ಮಿಕ್ಸರ್ ಕೊಡ್ರಿ. ಛಲೋ ತೂರೋ ಮಷೀನ್ ಐತಿ," ಅಂದ.

"ಏನು ಮಷೀನು?"

"ತೂರೋದ್ರಿ. ಸಕ್ಕರಿ ಕಾರಖಾನಿ ಸಾಹೇಬ್ರು ಬದ್ಲಿ ಆಗಿ ಹೋಗುವಾಗ ಕೊಟ್ಟು ಹ್ವಾದ್ರು. ಗಾಳಿ ಇಲ್ಲದ ದಿನ ಸೋಯಾಬೀನ ತೂರಾಕ ಇದರಂಥಾದ್ದು ಮತ್ತೊಂದಿಲ್ಲ. ಹೊಟ್ಟೆಲ್ಲಾ ಆಚೆ ಓಣಿಗೆ ಹೋಗಿ ಬೀಳತೈತಿ."

ಆ ಹಳೇ ಮಾದರಿಯಲ್ಲಿ ಪೈಪನ್ನು ಮುಂದಿನ ತೂತಿಗೆ ಹಾಕಿದರೆ ಗಾಳಿ ಒಳಗೆ ಎಳೆಯುತ್ತದೆ, ಹಿಂದಿನ ತೂತಿಗೆ ಹಾಕಿದರೆ ಊದುತ್ತದೆ. ಯಾರೋ ಮೊದಲ ದಿನವೇ ಪೈಪನ್ನು ಹಿಂದೆ ಹಾಕಿಕೊಟ್ಟಿದ್ದರು. ಆತ ಅದನ್ನು ಹಾಗೇ ತಂತಿಯಿಂದ ಬಿಗಿದುಬಿಟ್ಟಿದ್ದ. ನನಗೆ ಸುಮ್ಮನಿರಲಾಗಲಿಲ್ಲ. ತಂತಿ ಬಿಚ್ಚಿ ಪೈಪು ಮುಂದೆ ಹಾಕಿ ಗುಂಡಿ ಒತ್ತಿದೆ. ಕಟ್ಟೆಯ ಮೇಲಿನ ಧೂಳು ಸರ್ರನೆ ಒಳಗೆ ಹೋಯಿತು.

ರೈತನ ಮುಖ ಇಳಿದುಹೋಯಿತು. "ಕೆಟ್ಟಿತಲ್ರಿ ಸಾವಕಾರ್ರ. ಮನ್ಯಾಗ ನೆಟ್ಟಗ ಇತ್ತು. ಉಲ್ಟಾ ನಡ್ಯಾಕತ್ತೈತಿ."

"ಕೆಟ್ಟಿಲ್ಲ ಮಾರಾಯ. ಇದು ಇರೂದ ಹಿಂಗ. ಧೂಳಾ ಒಳಗ ಎಳಕೋಬೇಕು. ಅದಕ್ಕ ಮಾಡಿದ್ದು."

ಆತ ನನ್ನನ್ನೂ ಮಷೀನನ್ನೂ ಒಂದೇ ಕಣ್ಣಿನಿಂದ ನೋಡಿದ. "ನಾ ಓದಿಲ್ಲ ಅಂತ ಏನ ಹೇಳಿದ್ರೂ ನಂಬತೇನೇನ್ರಿ?" ಅಂದ. "ಕಸಾ ಹೊರಗ ಒಗ್ಯೂದು ಬಿಟ್ಟು ಹೊಟ್ಟ್ಯಾಗ ಇಟ್ಟುಕೊಳ್ಳೋ ಮಷೀನ್ ಯಾವ ಹುಚ್ಚ ಮಾಡತಾನ್ರಿ?"

ಮಿಕ್ಸರು ಒಯ್ದ. ಹೊರಗೆ ನಿಂತ ತನ್ನೂರಿನವನಿಗೆ ಆತ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಕೆಟ್ಟ ಮಷೀನ್ ಕಣ್ಣಾರೆ ನೋಡಿ ತಗೊಂಡಾನ. ಈ ಅಂಗಡಿ ಲಗೂನ ಮುಳುಗತೈತಿ. ನಿಂದೇನರ ಇದ್ರ ಇವತ್ತ ತಂದುಬಿಡು."

ಸಾಯಂಕಾಲದೊಳಗೆ ಬೇಡಕಿಹಾಳದಿಂದ ಮೂರು ಮುರುಕು ಇಸ್ತ್ರಿ ಪೆಟ್ಟಿಗೆ ಬಂದವು.

ರಾಯಬಾಗದ ಬಸ್ಸು

ರಾಯಬಾಗದ ಒಬ್ಬ ಡಾಕ್ಟರರ ಮನೆಯಲ್ಲಿ ಸ್ಟೀಲಿನ ಉರುಟಾದ, ನಿಂತರೆ ಸಿಲಿಂಡರಿನಂತೆ ಕಾಣುವ ಒಂದು ಮಷೀನು ಸಿಕ್ಕಿತು. ಕೊಂಡೆ. ಅದನ್ನು ತಬ್ಬಿಕೊಂಡು, ಪೈಪನ್ನು ಕೊರಳಿಗೆ ಸುತ್ತಿಕೊಂಡು ಬಸ್ ಹತ್ತಿದೆ. ಅಂದು ಸಂತೆಯ ದಿನ. ಕಾಲಿಡಲು ಜಾಗವಿಲ್ಲ.

ಇಬ್ಬರು ಮುದುಕಿಯರು ನನ್ನನ್ನೂ ಸಿಲಿಂಡರನ್ನೂ ಪೈಪನ್ನೂ ನೋಡಿದರು. ಒಬ್ಬಾಕೆ ಪಕ್ಕದವಳನ್ನು ತಿವಿದಳು. "ಉಸರಾಟದ ಮಷೀನ್ ಬೇ. ಜಾಗಾ ಬಿಡು."

ಜಾಗ ಬಿಟ್ಟರು. ನಾನು ವ್ಯಾಪಾರಿ, ಕೇಳದೆ ಸಿಕ್ಕ ರಿಯಾಯಿತಿಯನ್ನು ಬೇಡ ಅನ್ನುವ ಅಭ್ಯಾಸವಿಲ್ಲ. ಕುಳಿತೆ.

"ದವಾಖಾನಿಯಿಂದ ಬಂದ್ರೇನ್ರಿ ಅಣ್ಣಾರ?"

"ಹೌದ್ರಿ, ಡಾಕ್ಟರ್ ಮನಿಯಿಂದ." ಸುಳ್ಳಲ್ಲ.

"ಭಾಳ ದಿನದ್ದೇನ್ರಿ?"

"ಭಾಳ ವರ್ಷದ್ರಿ." ನಾನು ಮಷೀನಿನ ವಯಸ್ಸು ಹೇಳಿದೆ.

ಮುದುಕಿ ಲೊಚಗುಟ್ಟಿದಳು. ಸುದ್ದಿ ಹಿಂದಿನ ಸೀಟಿಗೆ, ಅಲ್ಲಿಂದ ಕಂಡಕ್ಟರನಿಗೆ ಹೋಯಿತು. ಆತ ಲಗೇಜಿನ ಮಾತೇ ಎತ್ತಲಿಲ್ಲ. "ಅಜ್ಜಾರಿಗೆ ಗಾಳಿ ಬರ್ಲಿ, ಕಿಡಕಿ ತಗೀರಿ," ಅಂದ. ಒಂದು ಹುಡುಗಿ ಬಾಳೆಹಣ್ಣು ಕೊಟ್ಟಳು, ತಿಂದೆ. ಇಷ್ಟು ಮರ್ಯಾದೆ ನನಗೆ ನನ್ನ ಲಗ್ನದಲ್ಲೂ ಸಿಕ್ಕಿರಲಿಲ್ಲ.

ಚಿಕ್ಕೋಡಿಗೆ ಬಂದಾಗ ಕಂಡಕ್ಟರ್ ಸ್ಟ್ಯಾಂಡಿಗೂ ಮುಂಚೆ ನಮ್ಮ ಅಂಗಡಿಯ ಮುಂದೆಯೇ ಬಸ್ ನಿಲ್ಲಿಸಿದ. ಇಬ್ಬರು ಕೈ ಹಿಡಿದು ಇಳಿಸಿದರು. ಮನೆಯವಳು ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಹೊರಟಾಗ ಮುದುಕಿ ಕಿಡಕಿಯಿಂದ ತಲೆ ಹೊರಹಾಕಿ ಆಕೆಗೆ ಹೇಳಿದಳು: "ತಂಗೀ, ನೀ ಧೈರ್ಯಾ ತಗೊಬೇಕವ್ವಾ. ಇದು ಹೋಗೋ ರೋಗ ಅಲ್ಲ."

ಮನೆಯವಳು ಮಷೀನನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾರ ರಾಯಬಾಗದ ತನಕಾ ಗೊತ್ತಾಗೇತಿ," ಅಂದಳು.

ನಿಪ್ಪಾಣಿಯ ಸೀನು

ನಿಪ್ಪಾಣಿಯ ಒಂದು ತಂಬಾಕು ವ್ಯಾಪಾರಿಗಳ ಮನೆತನದಿಂದ ಬಂದ ಮಷೀನು ಬಲು ಭಾರ ಇತ್ತು. ಗಟ್ಟಿ ಮಾಲು ಅಂದುಕೊಂಡೆ. ಅದರ ಚೀಲದಲ್ಲಿ ಅವರ ಗೋದಾಮಿನ ತಂಬಾಕಿನ ಪುಡಿ ಒತ್ತೊತ್ತಾಗಿ ತುಂಬಿಕೊಂಡು ಕೂತಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಮೇಲೆ ಮಷೀನು ಚಾಲೂ ಮಾಡಿಟ್ಟು, ಗಿರಾಕಿ ಬಂದರೆಂದು ಕೆಳಗಿಳಿದೆ. ಚೀಲ ಹರಿದಿತ್ತು. ಪುಡಿ ಮೆಟ್ಟಿಲಿಳಿದು ನನ್ನ ಹಿಂದೆಯೇ ಬಂತು.

ಗಿರಾಕಿ ಕಾಗವಾಡದವರು. ಮಗಳ ಲಗ್ನಕ್ಕೆ ಭಾಂಡಿ. ಇಡೀ ತಾಲೂಕಿನಲ್ಲಿ ಅವರಷ್ಟು ಚೌಕಾಶಿ ಮಾಡುವವರಿಲ್ಲ. ಭಾವ, ಅಂದರೆ ದರ, ಕೇಳಿ ಹೋಗಿ, ಚಹಾ ಕುಡಿದು ಬಂದು, ಮತ್ತೆ ಭಾವ ಕೇಳುವ ಪೈಕಿ. ಹಂಡೆಯ ಮೇಲೆ ಕೈಯಿಟ್ಟು, "ನೋಡ್ರಿ ಸಾವಕಾರ್ರ, ಇದರಾಗ ಒಂದಿಷ್ಟು ಬಿಟ್ಟು..." ಅಂದರು. ಅವರ ಹೆಂಡತಿ ಸೀನಿದರು.

ಮಂಗಳ ಕಾರ್ಯದ ಮಾತು ಎತ್ತಿದಾಗ ಸೀನು ಬಂದರೆ ಆ ಮಾತು ಅಲ್ಲಿಗೇ ಬಿಡಬೇಕೆಂಬುದು ಅವರ ನಂಬಿಕೆ. ಬಿಟ್ಟರು. ಕೊಡಪಾನ ತೆಗೆದುಕೊಂಡರು. "ಇದಕ್ಕರೇ..." ಅಂದರು. ಅವರ ತಮ್ಮ ಸೀನಿದ. ಪರಾತ ಹಿಡಿದು ಬಾಯಿ ತೆರೆದರು. ಈ ಸಲ ಬೀದಿಯಲ್ಲಿ ಹೋಗುತ್ತಿದ್ದವನು ಸೀನಿದ. ಕಡೆಕಡೆಗೆ ಅವರು ಬಾಯಿ ತೆರೆದರೆ ಸಾಕು, ಮನೆಮಂದಿಯೆಲ್ಲ ಮೂಗು ಹಿಡಿದುಕೊಂಡು ನಿಲ್ಲುತ್ತಿದ್ದರು. ನಾನು ಹೇಳಿದ ಭಾವಕ್ಕೇ ಎಲ್ಲ ಕಟ್ಟಿಸಿದರು.

"ನಿಮ್ಮ ಅಂಗಡ್ಯಾಗ ಖೊಟ್ಟಿ ಮಾತಿಗೆ ಜಾಗಾ ಇಲ್ಲ ನೋಡ್ರಿ," ಅಂದು ಕಣ್ಣೊರೆಸಿಕೊಂಡು ನಮಸ್ಕಾರ ಮಾಡಿದರು. ಭಕ್ತಿಯ ಕಣ್ಣೀರೋ ತಂಬಾಕಿನದೋ ತಿಳಿಯಲಿಲ್ಲ.

ಅಷ್ಟರಲ್ಲಿ ಮನೆಯವಳು ಸೆರಗು ಮೂಗಿಗೆ ಹಿಡಿದು ಕೆಳಗೆ ಬಂದಳು. "ಆ ಸುಡಗಾಡ ಮಷೀನ್ ಈಗಿಂದೀಗ ಮೋಡಕಾಕ್ಕ ಹಾಕ್ರಿ."

"ಹೆಂಗ ಹಾಕಲಿ?" ಅಂದೆ. "ಇವತ್ತಿಂದ ಅದು ನಮ್ಮ ಅಂಗಡ್ಯಾಗ ನೌಕರಿಗೆ ಐತಿ."

ಅಥಣಿಯ ಬೀಗರು

ಹೀಗೆ ಹಕೀಕತ್ತು ನೋಡುತ್ತ ಕುಳಿತವನಿಗೆ ಖೋಲಿ ಖಾಲಿ ಮಾಡುವುದು ಆಗಲೇ ಇಲ್ಲ. ಅತ್ತ ಅಥಣಿಯವರು ಬರುತ್ತೇವೆ ಅಂದ ದಿನಕ್ಕಿಂತ ಒಂದು ದಿನ ಮೊದಲೇ, ಅದೂ ಎರಡು ಗಾಡಿ ತುಂಬ ಮಂದಿ ಬಂದಿಳಿದರು.

ಕಾರಣ ನಮಗೆ ಆಮೇಲೆ ತಿಳಿಯಿತು. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ನಡುವೆ ನಿಂತು ಸಂಬಂಧ ಕೂಡಿಸುತ್ತಿದ್ದವರು ನಿಪ್ಪಾಣಿಯ ಒಬ್ಬ ನಿವೃತ್ತ ಮಾಸ್ತರರು. ಮನೆಮಾತು ಮರಾಠಿ, ಮನುಷ್ಯ ಪ್ರಾಮಾಣಿಕ. ಹುಡುಗಿಯ ಸೋದರಮಾವನಿಗೆ ಫೋನು ಮಾಡಿ, "ಮನಿತನ ಛಲೋ ಐತಿ. ಆದ್ರ ಒಂದ ಮಾತ ಮುಚ್ಚಿಡೂದಿಲ್ಲ. ಮ್ಯಾಲಿನ ಖೋಲಿ ತುಂಬ ಭಂಗಾರ ಐತಿ," ಅಂದಿದ್ದರು. ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ. ಫೋನಿನ ಗರಗರದಲ್ಲಿ ಭಕಾರದ ಉಸಿರು ದಾರಿಯಲ್ಲೇ ಎಲ್ಲೋ ಇಳಿದುಹೋಯಿತು. ಅಥಣಿಗೆ ಮುಟ್ಟಿದ್ದು ಬಂಗಾರ.

ಮನೆಯವಳು ಮೇಲಿನ ಖೋಲಿಗೆ ಕೀಲಿ ಜಡಿದಳು. ಅವಲಕ್ಕಿ, ಚಹಾ ಆಯಿತು. ಅವರು ಬಚ್ಚಲು ನೋಡಲಿಲ್ಲ, ನೀರಿನ ಟಾಕಿ ನೋಡಲಿಲ್ಲ. ಎಲ್ಲರ ಕಣ್ಣೂ ಮೆಟ್ಟಿಲ ಕಡೆ. ಬಿಳಿ ಟೋಪಿಯ ಸೋದರಮಾವ ಗಂಟಲು ಸರಿಮಾಡಿಕೊಂಡರು.

"ಮ್ಯಾಲ ಒಂದ ಖೋಲಿ ಐತಂತಲ್ರಿ."

"ಐತ್ರಿ," ಅಂದಳು ಮನೆಯವಳು. "ಏನಿಲ್ರಿ ಅದರಾಗ. ಹಳಿ ಸಾಮಾನ."

ಮಾವ ನನ್ನ ಕಡೆ ತಿರುಗಿ ಜಾಣ ನಗೆ ನಕ್ಕರು. "ಹಳೀದಂದ್ರ ಛಲೋನ ಅಲ್ರಿ? ಈಗಿನದಕ್ಕ ಆ ತೂಕ ಎಲ್ಲೈತಿ."

ನನಗೆ ಮನುಷ್ಯ ಹಿಡಿಸಿದ. ನಮ್ಮ ಸಾಲಿನವನೇ ಅನಿಸಿತು. "ಖರೇ ಮಾತ್ರಿ. ಈಗಿನದೆಲ್ಲಾ ಪ್ಲಾಸ್ಟಿಕ್."

"ಪ್ಲಾಸ್ಟಿಕ್ ಮ್ಯಾಲ ಹೊಳಪಿನ ನೀರ ಕೊಟ್ಟಿರ್ತಾರ್ರಿ. ನಮಗೂ ಮೋಸ ಆಗೇತಿ. ಎಲ್ಲಾ ಅಪ್ಪಾರ ಕಾಲದ್ದೇನ್ರಿ?"

"ಅಪ್ಪಾರದು ಒಂದ. ಉಳದದ್ದು ನಾನ ಊರೂರು ತಿರುಗಿ ಕೂಡಿಸಿದ್ದು."

"ಬ್ಯಾಂಕಿನ ಲಾಕರ್‌ನ್ಯಾಗ ಇಡಬೇಕಿತ್ತಲ್ರಿ."

"ಲಾಕರ್‌ನ್ಯಾಗ ಹಿಡಿಸೂದಿಲ್ರಿ," ಅಂದೆ.

ಅಥಣಿಯವರೆಲ್ಲ ಒಮ್ಮೆಲೇ ಉಸಿರೆಳೆದರು. ಹುಡುಗಿಯ ಅಪ್ಪ ಬಟ್ಟಲು ಕೆಳಗಿಟ್ಟರು. ಮಾವ ದನಿ ಇಳಿಸಿ, "ಹೊಳಪ ಹೆಂಗೈತ್ರಿ?" ಅಂದರು.

"ವಾರಕ್ಕೊಮ್ಮೆ ನಾನ ಒರಸ್ತೀನಿ. ಬ್ಯಾರೆಯವ್ರ ಕೈಯಾಗ ಕೊಡಂಗಿಲ್ಲ."

"ಕೊಡಬಾರ್ದು, ಕೊಡಬಾರ್ದು. ಒಂದ ಸರ್ತಿ ತೋರಸ್ರಿ, ಕಣ್ಣು ತಂಪಾಗಲಿ."

ಇಷ್ಟು ವರ್ಷದಲ್ಲಿ ನನ್ನ ಮಷೀನುಗಳನ್ನು ನೋಡಲು ತಾವಾಗಿ ಕೇಳಿದವರು ಇವರೇ ಮೊದಲು. ಮನೆಯವಳು ಕಣ್ಣಲ್ಲೇ ಬೇಡ ಅಂದಳು. ಮಗ ಬೆಳ್ಳಗಾಗಿದ್ದ. ನಾನು ಆಕೆಯ ಕೈಯಿಂದ ಕೀಲಿಕೈ ತೆಗೆದುಕೊಂಡೆ. ಎರಡು ಗಾಡಿಯ ಮಂದಿಯೂ ಸಾಲಾಗಿ ಮೆಟ್ಟಿಲು ಹತ್ತಿದರು. ಹುಡುಗಿಯ ಆಯಿಯನ್ನೂ ರಟ್ಟೆ ಹಿಡಿದು ಹತ್ತಿಸಿದರು.

ಬಾಗಿಲು ತೆರೆದೆ.

ಮಾವ ಒಳಗೆ ಹೋಗಿ ಮಷೀನುಗಳ ಹಿಂದೆ ನೋಡಿದರು, ಕೆಳಗೆ ನೋಡಿದರು. ಆಮೇಲೆ ತಮ್ಮ ಜೊತೆ ಬಂದಿದ್ದ ಮಾಸ್ತರರ ಕಡೆ ತಿರುಗಿದರು. "ಮಾಸ್ತರ, ಬಂಗಾರ ಎಲ್ಲೈತಿ?"

"ಯಾವ ಬಂಗಾರ?" ಅಂದರು ಮಾಸ್ತರರು. "ನಾ ಭಂಗಾರ ಅಂದ್ನಿ. ಇದ ಅಲ್ಲೇನ, ಕಣ್ಮುಂದ ಐತಿ."

ಮಾವನ ಮುಖ ಕೆಂಪಾಯಿತು. "ಹುಡುಗಿ ಕೊಡೋ ಮನ್ಯಾಗ ಇಷ್ಟ ಮೋಡಕಾ? ನಡೀರಿ, ಕೆಳಗಿಳೀರಿ."

ಮುಗಿಯಿತು ಅಂದುಕೊಂಡೆ. ಮಗನ ಮುಖ ನೋಡಲಾಗಲಿಲ್ಲ. ಆಗ ಮನೆಯವಳು ಬಾಗಿಲಿಗೆ ಅಡ್ಡ ನಿಂತಳು.

"ಮೋಡಕಾ ಅನಬ್ಯಾಡ್ರಿ ಮಾವಾರ. ಅದನ್ನ ಅನ್ನಾಕ ಈ ಮನ್ಯಾಗ ನಾ ಒಬ್ಬಾಕಿ ಅದೀನಿ. ಇದರಾಗ ಬಂದ್ ಬಿದ್ದದ್ದು ಒಂದೂ ಇಲ್ಲ. ನೀವೂ ಹಳಬರ ಅದೀರಿ, ನಿಮ್ಮನ್ನ ಯಾರರ ಮೋಡಕಾ ಅಂದಾರೇನ್ರಿ?"

ಹಾಗೆ ಅಂದವಳೇ ಹತ್ತಿರವಿದ್ದ ಮಷೀನಿನ ಗುಂಡಿ ಒತ್ತಿ ಪೈಪು ಎತ್ತಿದಳು. ಮಾವನ ತಲೆಯ ಮೇಲಿನ ಬಿಳಿ ಟೋಪಿ ಠಪ್ಪನೆ ಪೈಪಿನ ಬಾಯಿಗೆ ಹೋಗಿ ಅಂಟಿತು.

ಹುಡುಗಿಯ ಆಯಿ ಮೊದಲು ನಕ್ಕಳು. ಗೋಡೆ ಹಿಡಿದು ನಕ್ಕಳು, ಕೆಳಗೆ ಕುಳಿತು ನಕ್ಕಳು. ಅವಳ ಹಿಂದೆ ಎಲ್ಲರೂ. ನಗು ನಿಂತಮೇಲೆ ಕಣ್ಣೊರೆಸಿಕೊಂಡು ಮಗನಿಗೆ, ಅಂದರೆ ಹುಡುಗಿಯ ಅಪ್ಪನಿಗೆ ಹೇಳಿದಳು: "ಈ ಮನಿಗೇ ಕೊಡೋ. ಬಂಗಾರ ಇದ್ದಿದ್ರ ನಮ್ಮ ಹುಡುಗಿ ಅದನ್ನ ಕಾಯ್ಕೋತ ಕುಂದರಬೇಕಿತ್ತು. ಇದನ್ನ ಯಾವ ಕಳ್ಳ ಒಯ್ತಾನ? ಸುಖದಿಂದ ನಿದ್ದಿ ಮಾಡತಾಳ."

ಅಲ್ಲಿಯೇ ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡಿದರು. ಮಗ ಎರಡು ಸಲ ತೆಗೆದುಕೊಂಡ. ಮನೆಯವಳು ಹೊಸ ಜೋಡಿಗೆ ಕೆಳಗಿನ ನಮ್ಮ ಖೋಲಿಯನ್ನೇ ಕೊಟ್ಟಳು. ಮೇಲಿನದು ಮಷೀನುಗಳಿಗೇ ಉಳಿಯಿತು.

ಎಲ್ಲರೂ ಇಳಿದರೂ ಮಾವ ಮಾತ್ರ ಟೋಪಿ ಸರಿಪಡಿಸಿಕೊಳ್ಳುತ್ತ ಮೆಟ್ಟಿಲಲ್ಲಿ ನನಗಾಗಿ ನಿಂತರು. ಆಚೀಚೆ ನೋಡಿ ನನ್ನ ಕಿವಿಯ ಹತ್ತಿರ ಬಂದರು.

"ಬೀಗರ, ಭಾಳ ಶ್ಯಾಣ್ಯಾ ಅದೀರಿ. ನಮ್ಮ ಮುಂದರೇ ಖರೇ ಹೇಳ್ರಿ. ಬಂಗಾರ ಮಷೀನಿನ ಹೊಟ್ಟ್ಯಾಗ ಇಟ್ಟೀರಿ, ಹೌದಲ್ಲೋ?"

"ಇಲ್ರಿ ಮಾವಾರ, ಆಣಿ ಮಾಡಿ ಹೇಳ್ತೀನಿ, ಧೂಳಾ ಬಿಟ್ರ ಏನೂ ಇಲ್ಲ," ಅಂದೆ.

"ಹಿಂಗ ಇರಬೇಕು," ಅಂದರು ಮಾವ, ಬೆನ್ನು ತಟ್ಟಿ. "ಬೀಗರಿಗೂ ಹೇಳಬಾರ್ದು."

ಲಗ್ನವಾಗಿ ಇಷ್ಟು ದಿನವಾಯಿತು. ಈಗಲೂ ಅವರು ಚಿಕ್ಕೋಡಿಗೆ ಬಂದಾಗಲೆಲ್ಲ ಚಹಾ ಕುಡಿದು ಮೇಲೆ ಹೋಗುತ್ತಾರೆ. ಒಂದೊಂದು ಮಷೀನನ್ನೂ ಎತ್ತಿ, ತೂಕ ನೋಡಿ, ತಲೆದೂಗಿ, ಮೊದಲಿನ ಜಾಗದಲ್ಲೇ ಇಟ್ಟು ಇಳಿಯುತ್ತಾರೆ.